ಬಾವುಟದ ಕರಡಿಗೆ

ಕ್ಯಾಲಿಫೋರ್ನಿಯಾದ ಗ್ರಿಜ್ಲಿಯೇ,

ಕಾಗದದ ನೆತ್ತಿಯ ಮೇಲೆ ‘ಕರಡಿಗೆ’ ಎಂದು ಬರೆದದ್ದನ್ನು ಕಂಡು ಅಮ್ಮ ನಕ್ಕಳು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಎತ್ತಿ ಹಿಡಿದು, ‘ಇದಕ್ಕೇನು ಕಾಗದ ಬರೀತೀಯ?’ ಅಂದಳು. ನಿನಗೆ ಕನ್ನಡ ತಿಳಿಯದು, ಹಾಗಾಗಿ ಹೇಳಬೇಕು. ನಮ್ಮ ಭಾಷೆಯಲ್ಲಿ ಕರಡಿ ಎಂಬ ನಿನ್ನ ಹೆಸರಿಗೆ ‘ಗೆ’ ಹಚ್ಚಿದರೆ, ಇಷ್ಟಲಿಂಗ ಇಡುವ ಪುಟ್ಟ ಭರಣಿಯ ಹೆಸರಾಗಿಬಿಡುತ್ತದೆ. ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂಬ ಗಾದೆಯಲ್ಲಿ ಇರುವುದು ಕರಡಿಯಲ್ಲ, ಕರಡಿಗೆ ಎಂದು ವಾದಿಸುವವರೂ ಇದ್ದಾರೆ. ವಾದ ಏನೇ ಇರಲಿ, ಈ ಬೇಸಿಗೆಯಲ್ಲಿ ಆ ಗಾದೆ ನಮ್ಮ ಕಣ್ಣೆದುರೇ ಅಕ್ಷರಶಃ ನಡೆದುಹೋಯಿತು.

ಅಮ್ಮ ಕೂಡ್ಲಿಗಿ ತಾಲ್ಲೂಕಿನವಳು. ಗುಡೇಕೋಟೆಯ ಬಂಡೆಗುಡ್ಡಗಳ ಸೀಮೆ, ಕರಡಿಗಳ ಸೀಮೆ. ಆರು ತಿಂಗಳ ವೀಸಾದ ಮೇಲೆ ನಮ್ಮ ಮನೆಗೆ ಬಂದಿದ್ದಳು. ಸ್ಯಾನ್ ಹೋಸೆಯಲ್ಲಿ ಬೇರೇನೂ ಅವಳ ಕಣ್ಣಿಗೆ ಹಿಡಿಸಲಿಲ್ಲ, ಹಿಡಿಸಿದ್ದು ಬಾವುಟ. ಅಂಚೆ ಕಚೇರಿ, ಶಾಲೆ, ಗ್ರಂಥಾಲಯ, ಕೊನೆಗೆ ಮೊಮ್ಮಗಳ ಟೀ ಶರ್ಟು, ಎಲ್ಲಿ ನೋಡಿದರೂ ಹುಲ್ಲಿನ ಮೇಲೆ ನಡೆದುಹೋಗುವ ನೀನು. ‘ಈ ಊರಿನವರಿಗೆ ಕರಡಿ ಕಂಡರೆ ಅಷ್ಟು ಪ್ರೀತೀನಾ?’ ಎಂದು ಕೇಳಿದಳು. ‘ಬಹಳ’ ಅಂದೆ. ‘ಹಂಗಾದರೆ ಒಂದು ಸಲ ತೋರಿಸು.’

ನನಗೆ ಆಗ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದಿಂದ ಈ ಬಾವುಟದ ಕೆಳಗೆ ತೆರಿಗೆ ಕಟ್ಟಿಕೊಂಡಿದ್ದೇನೆ, ನೀನು ಇಲ್ಲ ಎಂಬುದು ಗೊತ್ತು, ಆದರೆ ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಹೇಗೂ ಜೂನ್ ತಿಂಗಳಿಗೆ ಕ್ಯಾಂಪಿಂಗ್ ಹೊರಡುವುದಿತ್ತು: ಯೊಸೆಮಿಟಿ, ಅಲ್ಲಿಂದ ನೆವಾಡಾದ ಮರುಭೂಮಿ ದಾಟಿ ಯೆಲ್ಲೋಸ್ಟೋನ್, ವಾಪಸ್ಸು. ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಯೊಸೆಮಿಟಿಯಲ್ಲಿ ಟೆಂಟು ಹಾಕುವವರು ಮೊದಲು ಮಾಡುವ ಕೆಲಸ ವಾಸನೆಯ ಲೆಕ್ಕ. ಮೂಗಿಗೆ ತಟ್ಟುವ ಸಕಲವನ್ನೂ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿ ಚಿಲಕ ಬಿಗಿಯಬೇಕು. ಕತ್ತಲಾದ ಮೇಲೆ ಕಾರಿನಲ್ಲಿ ಒಂದು ಬಿಸ್ಕತ್ತೂ ಇರಕೂಡದು. 1998ರ ಒಂದೇ ವರ್ಷದಲ್ಲಿ ಆ ಉದ್ಯಾನದಲ್ಲಿ ಕರಡಿಗಳು ಕಾರು, ಸಾಮಾನು ಹರಿದುಹಾಕಿದ ಪ್ರಸಂಗಗಳು ಸಾವಿರಕ್ಕೂ ಹೆಚ್ಚು. ಕಾರಿನ ಬಾಗಿಲನ್ನು ಸಾರ್ಡೀನ್ ಡಬ್ಬಿಯ ಮುಚ್ಚಳದ ಹಾಗೆ ಮಡಚಿಬಿಡುತ್ತವೆ. ನಮ್ಮ ಪೆಟ್ಟಿಗೆಯೊಳಗೆ ಏನೆಲ್ಲ ಹೋಯಿತು ಕೇಳು: ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ, ಇಂಗು, ಮಾವಿನಕಾಯಿ ಉಪ್ಪಿನಕಾಯಿ, ಟೂತ್‌ಪೇಸ್ಟು, ಸನ್‌ಸ್ಕ್ರೀನು, ಅಮ್ಮನ ಕೊಬ್ಬರಿ ಎಣ್ಣೆ. ಊದಿನಕಡ್ಡಿಯನ್ನೂ ಹಾಕು ಎಂದಾಗ ಮಾತ್ರ ಅವಳು ತಕರಾರು ತೆಗೆದಳು. ‘ದೇವರ ವಾಸನೆಗೂ ಕರಡಿ ಬರುತ್ತಾ?’

ಬಂತು. ಮರುದಿನ ಬೆಳಿಗ್ಗೆ ಆರೂವರೆಗೆ ಪಿಕ್ನಿಕ್ ಮೇಜಿನ ಪಕ್ಕ ಚಾಪೆ ಹಾಸಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಅಮ್ಮ ಪೂಜೆಗೆ ಕೂತಿದ್ದಳು. ಟೆಂಟಿನ ಹಿಂದಿನಿಂದ ದಾಲ್ಚಿನ್ನಿ ಬಣ್ಣದ ಒಂದು ಕರಡಿ, ಏನೋ ಮರೆತುಹೋದವರು ಹುಡುಕುತ್ತ ಬಂದ ಹಾಗೆ ಬಂದು, ಆರಿದ ಒಲೆಯನ್ನು ಮೂಸಿ, ಊದಿನಕಡ್ಡಿಯ ಹೊಗೆಯತ್ತ ಮೂತಿ ಎತ್ತಿತು. ನಾನು ಕೈಯಲ್ಲಿದ್ದ ಕಾಫಿ ಲೋಟ ಹಿಡಿದುಕೊಂಡೇ ಕಲ್ಲಾದೆ. ಮಗಳು ನನ್ನ ಅಂಗಿಯ ಚುಂಗು ಹಿಡಿದಳು. ಅಮ್ಮ ದೃಷ್ಟಿಯನ್ನು ಲಿಂಗದಿಂದ ಕದಲಿಸಲಿಲ್ಲ. ಪಕ್ಕದ ಸೈಟಿನವರು ಪಾತ್ರೆ ಬಡಿದು ಕೂಗಿದ ಮೇಲೆ ಅದು ಬಂದಷ್ಟೇ ನಿಧಾನಕ್ಕೆ ಮರಗಳ ನಡುವೆ ಹೋಯಿತು. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯೊಳಗಿಟ್ಟು ಅಮ್ಮ ಹೇಳಿದ್ದು ಇಷ್ಟೇ: ‘ಬಾವುಟದ್ದು ಬಂದಿತ್ತಲ್ಲ, ನೋಡಿದೆಯಾ?’

ಅಲ್ಲಮ್ಮ, ಅದು ಬಾವುಟದ್ದಲ್ಲ. ಬಣ್ಣ ಕಂದಾದರೂ ಅದರ ಜಾತಿಯ ಹೆಸರು ಕರಿಕರಡಿ. ಬಾವುಟದ್ದರ ಭುಜದ ಮೇಲೆ ಗೂಳಿಯ ಇಣಿಯಂಥ ಉಬ್ಬು ಇರುತ್ತೆ, ಉಗುರು ಬೆರಳುದ್ದ ಇರುತ್ತೆ. ಅದು ಈಗ ಇಲ್ಲ.

‘ಇಲ್ಲ ಅಂದರೆ? ಈ ಕಾಡಿನಾಗಿಲ್ಲೋ?’

ಎಲ್ಲೂ ಇಲ್ಲ. ಕೊಂದುಬಿಟ್ಟರು.

‘ಅಷ್ಟೂನೂ?’

ಆ ಒಂದು ಪದವನ್ನು ಅವಳು ಹೇಳಿದ ರೀತಿ ನನಗೆ ಇಂದಿಗೂ ಕಿವಿಯಲ್ಲಿದೆ. ಯಾಕೆಂದರೆ ಕರಡಿ ಎಂದರೆ ಏನೆಂದು ಅವಳಿಗೆ ಪುಸ್ತಕದಿಂದ ತಿಳಿದದ್ದಲ್ಲ. ಅವಳ ಸೋದರಮಾವ ಶೇಂಗಾ ಹೊಲ ಕಾಯಲು ಹೋಗಿ ಕರಡಿಯ ಉಗುರಿಗೆ ಒಂದು ಕಣ್ಣು ಕೊಟ್ಟು ಬಂದವನು. ಉಳಿದ ಜೀವಮಾನವೆಲ್ಲ ಮುಖಕ್ಕೆ ಟವೆಲು ಸುತ್ತಿಕೊಂಡೇ ಸಂತೆಗೆ ಹೋದ. ಖಲಂದರರು ಮೂಗಿಗೆ ಹಗ್ಗ ಪೋಣಿಸಿ ಊರೂರಿಗೆ ತರುತ್ತಿದ್ದ ಕರಡಿಯ ಬೆನ್ನ ಮೇಲೆ ಅವಳನ್ನು ಕೂರಿಸಿದ್ದರಂತೆ, ಹೆದರಿಕೆ ಹೋಗಲಿ ಎಂದು. ತೋಳಿನಲ್ಲಿ ಕರಡಿ ಕೂದಲಿನ ತಾಯತ ಬೇರೆ. ಕರಡಿಯ ಮೇಲೆ ಸಿಟ್ಟಿರಬೇಕಾದ ಮನೆತನ ಅದು. ಆ ಮನೆತನದವಳಿಗೂ ‘ಅಷ್ಟೂ’ ಎಂಬುದು ಲೆಕ್ಕಕ್ಕೆ ಸಿಗದ ಮಾತಾಗಿತ್ತು.

ಲೆಕ್ಕ ಹೀಗಿದೆ. ಚಿನ್ನದ ಹುಚ್ಚು ಹತ್ತುವ ಹೊತ್ತಿಗೆ, ಎಂದರೆ 1848ರ ಸುಮಾರಿಗೆ, ನೀವು ಹತ್ತು ಸಾವಿರದಷ್ಟು ಇದ್ದಿರೆಂದು ಅಂದಾಜು. ಮರುಭೂಮಿಯೊಂದನ್ನು ಬಿಟ್ಟು ಈ ರಾಜ್ಯದ ಹೆಚ್ಚುಕಡಿಮೆ ಎಲ್ಲೆಡೆಯೂ; ಸಮುದ್ರದ ದಂಡೆಯಲ್ಲೂ. ಅದಕ್ಕಿಂತ ಹಿಂದೆ, 1772ರಲ್ಲಿ, ಮಾಂಟೆರೆಯ ಮಿಷನ್ ಹಸಿವಿನಿಂದ ಕಂಗೆಟ್ಟಾಗ ಸ್ಪೇನಿನ ಸೈನಿಕರು ದಕ್ಷಿಣದ ಕಣಿವೆಯೊಂದಕ್ಕೆ ಇಳಿದು ನಿಮ್ಮನ್ನು ಬೇಟೆಯಾಡಿ, ಒಣಗಿಸಿದ ಮಾಂಸವನ್ನು ಹೇಸರಗತ್ತೆಗಳ ಮೇಲೆ ಹೇರಿ ಕಳಿಸಿದರು. ಈ ನಾಡಿನ ಮೊದಲ ಪರದೇಶಿ ವಲಸಿಗರನ್ನು ಸಾಕಿದ್ದು ನಿನ್ನ ಮೈ. ಆ ಕಣಿವೆಯ ಊರಿಗೆ ಇವತ್ತಿಗೂ ಲೊಸ್ ಓಸೊಸ್ ಎಂದೇ ಹೆಸರು, ‘ಕರಡಿಗಳು’ ಅಂತ. ಆಮೇಲೆ ಹಬ್ಬದ ದಿನ ನಿನ್ನನ್ನು ಹಗ್ಗದಲ್ಲಿ ಬಿಗಿದು ಗೂಳಿಯ ಜೊತೆ ಕಾದಾಡಿಸಿದರು. ಆಮೇಲೆ ದನಕರು ಬಂದವು, ಬಂದೂಕು ಬಂತು, ಸ್ಟ್ರಿಕ್ನೀನ್ ವಿಷ ಬಂತು. ಅದೇ ದಶಕಗಳಲ್ಲಿ ಇಲ್ಲಿನ ಮೂಲನಿವಾಸಿಗಳನ್ನು ಬೇಟೆಯಾಡಲು ಈ ರಾಜ್ಯವೇ ದಂಡಿಗೆ ಹಣ ಕೊಟ್ಟಿತು ಎಂಬುದನ್ನು ನಿನಗೆ ಹೇಳಬೇಕಿಲ್ಲ, ನೀನು ನೋಡಿರುತ್ತೀಯ. ನಿಮ್ಮಲ್ಲಿ ಗುಂಡೇಟಿಗೆ ಬಿದ್ದ ಕೊನೆಯದೆಂದು ದಾಖಲಾದದ್ದು 1922ರಲ್ಲಿ, ಟುಲಾರಿ ಕೌಂಟಿಯಲ್ಲಿ. 1924ರಲ್ಲಿ ಸಿಕ್ವೋಯಾ ಉದ್ಯಾನದ ಬಳಿ ಒಂದನ್ನು ನೋಡಿದರು. ಅದೇ ಕೊನೆ. ಎಪ್ಪತ್ತೈದು ವರ್ಷ ಸಾಕಾಯಿತು.

ಮತ್ತು 1953ರಲ್ಲಿ, ನೀನು ಕಣ್ಮರೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ, ನಿನ್ನನ್ನು ಅಧಿಕೃತ ರಾಜ್ಯಪ್ರಾಣಿ ಎಂದು ಘೋಷಿಸಿದರು.

ನೀನು ಬಾವುಟ ಏರಿದ ಕತೆಯೂ ಸ್ವಲ್ಪ ತಮಾಷೆಯದೇ. 1846ರ ಜೂನ್ 14ರಂದು ಸೊನೋಮಾದಲ್ಲಿ ಮೆಕ್ಸಿಕೋದ ವಿರುದ್ಧ ಎದ್ದ ಒಂದಿಷ್ಟು ಜನ ಬಟ್ಟೆಯ ಮೇಲೆ ನಿನ್ನನ್ನು ಬರೆದು ಹಾರಿಸಿದರು. ಬರೆದವನ ಕೈ ಎಷ್ಟು ಚೆನ್ನಾಗಿತ್ತೆಂದರೆ ನೋಡಿದವರು ಅದನ್ನು ಹಂದಿ ಅಂದರು. ಆ ಮೂಲ ಬಾವುಟ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. 1911ರಲ್ಲಿ ಕರಡಿ ಬಾವುಟವೇ ರಾಜ್ಯದ ಬಾವುಟ ಎಂದು ಕಾಯಿದೆಯಾಯಿತು. ಅದೇ ವರ್ಷ ಮೊನಾರ್ಕ್ ಸತ್ತ. ಅವನು ನಿನ್ನ ಕುಲದವನು. ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಹಟಕ್ಕಾಗಿ 1889ರಲ್ಲಿ ಜೀವಂತ ಹಿಡಿದು ತಂದವನು, ಇಪ್ಪತ್ತೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಬೋನಿನಲ್ಲಿ ಕಳೆದವನು. ಈಗಿನ ಬಾವುಟದ ಕರಡಿಗೆ ಮಾದರಿ ಅವನೇ ಎನ್ನುತ್ತಾರೆ. ಕಾರಿನಲ್ಲಿ ಈ ಕತೆ ಕೇಳುತ್ತ ಅಮ್ಮ ತನ್ನ ಕೊರಳ ಬೆಳ್ಳಿ ಭರಣಿಯನ್ನು ಸುಮ್ಮನೆ ಮುಟ್ಟಿಕೊಂಡಳು. ‘ಲಿಂಗ ಕಳಕೊಂಡು ಕರಡಿಗೆಗೆ ಪೂಜೆ ಮಾಡ್ತಾರೆ ಅನ್ನು’ ಅಂದಳು. ಈ ಮಾತನ್ನು ನಾನು ಎಷ್ಟು ವರ್ಷ ಬರೆದರೂ ಬರೆಯುತ್ತಿರಲಿಲ್ಲ.

ಟಿಯೋಗಾ ಕಣಿವೆಯ ನೆತ್ತಿ 9,943 ಅಡಿ. ಅದನ್ನು ದಾಟಿದರೆ ಸಿಯೆರಾ ಬೆಟ್ಟ ಒಮ್ಮೆಲೇ ಕಾಲು ಜಾರಿದಂತೆ ಕೆಳಗಿಳಿಯುತ್ತದೆ. ಬುಡದಲ್ಲಿ ಮೋನೋ ಸರೋವರ, ಉಪ್ಪು ನೀರು, ಸುಣ್ಣದ ಹುತ್ತಗಳು. ಅದೂ ನಿನ್ನ ಹಾದಿಯಲ್ಲೇ ಹೊರಟಿತ್ತು. 1941ರಿಂದ ಲಾಸ್ ಏಂಜಲೀಸ್ ನಗರ ಅದರ ತೊರೆಗಳನ್ನು ತಿರುಗಿಸಿಕೊಂಡು ನೀರನ್ನು ನಲವತ್ತು ಅಡಿಗೂ ಹೆಚ್ಚು ಇಳಿಸಿಬಿಟ್ಟಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಇಂಥ ನೀರು ಸರ್ಕಾರದ ಬಳಿ ಇರುವ ಸಾರ್ವಜನಿಕರ ನಂಬಿಕೆಯ ಸ್ವತ್ತು ಎಂದಿತು. ಆ ತೀರ್ಪನ್ನು ನಮ್ಮ ದೇಶದ ಸುಪ್ರೀಂ ಕೋರ್ಟು ಬಿಯಾಸ್ ನದಿಯ ಮೊಕದ್ದಮೆಯಲ್ಲಿ, ಎಂ.ಸಿ. ಮೆಹ್ತಾ ಮತ್ತು ಕಮಲ್‌ನಾಥ್ ಪ್ರಕರಣದಲ್ಲಿ, ಎತ್ತಿ ಹೇಳಿದೆ. ಉಪ್ಪು ನೀರಿನ ಈ ಕೊಳದಿಂದ ಹಿಮಾಚಲದ ನದಿಗೆ ಕಾನೂನಿನ ಕಾಲುವೆಯೊಂದು ಹರಿದಿದೆ. ಕೆರೆಗೆ ವಕೀಲರು ಸಿಕ್ಕರು. ನಿನ್ನ ಕಾಲದಲ್ಲಿ ನಿನಗೆ ಸಿಕ್ಕಿದ್ದು ಬೇಟೆಗಾರರು.

ಅಲ್ಲಿಂದ ಮುಂದೆ ಮರುಭೂಮಿ. ಟೋನೋಪಾ ಬಿಟ್ಟರೆ ಈಲಿ ಊರಿನವರೆಗೆ 160 ಮೈಲಿಗೂ ಹೆಚ್ಚು ದೂರ ಪೆಟ್ರೋಲಿಲ್ಲ. ಒಂದು ಬೆಟ್ಟ ಏರು, ಒಂದು ಬಯಲು ಇಳಿ, ಮತ್ತೆ ಬೆಟ್ಟ; ದಿನವಿಡೀ ಇಷ್ಟೇ. ಇಲ್ಲಿ ಬಿದ್ದ ಮಳೆ ಸಮುದ್ರ ಸೇರುವುದಿಲ್ಲ, ಅಲ್ಲಲ್ಲೇ ಇಂಗಿ ಆರಿ ಉಪ್ಪಾಗುತ್ತದೆ. ಬಳ್ಳಾರಿಯ ಬಿಸಿಲು ಕಂಡ ಅಮ್ಮನಿಗೂ ಈ ಬಯಲು ಮಾತು ಕಟ್ಟಿಸಿತು. ನಾನಂತೂ ಸ್ಟಿಯರಿಂಗ್ ಹಿಡಿದು ನಿನ್ನ ಬಗ್ಗೆಯೇ ಯೋಚಿಸುತ್ತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ನಿನ್ನ ಹಾಗೆಯೇ ಅಳಿದುಹೋಗಿದ್ದ ತೋಳ 2011ರ ಡಿಸೆಂಬರಿನಲ್ಲಿ ಒರೆಗಾನ್ ಕಡೆಯಿಂದ ಒಂದೇ ಒಂದು ನಡೆದು ಬಂತು. ಕೊರಳಲ್ಲಿ ರೇಡಿಯೋ ಪಟ್ಟಿ, ಯಾರ ಅಪ್ಪಣೆಯೂ ಇಲ್ಲ. ಇವತ್ತು ಇಲ್ಲಿ ತೋಳಗಳ ಸಂಸಾರಗಳೇ ಇವೆ. ನಿನ್ನ ನೆಂಟರು ಇರುವುದು ಯೆಲ್ಲೋಸ್ಟೋನ್‌ನಲ್ಲಿ. ಅವರು ಸಿಯೆರಾಕ್ಕೆ ನಡೆದು ಬರಬೇಕಾದರೆ ಅಡ್ಡ ಇರುವುದು ನಾವು ಏ.ಸಿ. ಹಾಕಿಕೊಂಡು ದಾಟುತ್ತಿದ್ದ ಈ ಬಯಲುಗಳು. ತೋಳ ಬಂದ ಹಾಗೆ ನೀನು ಬರಲಾರೆ.

ಗ್ರೇಟ್ ಬೇಸಿನ್ ಉದ್ಯಾನದಲ್ಲಿ ಎರಡು ರಾತ್ರಿ. ಅಲ್ಲಿಯ ವೀಲರ್ ಶಿಖರದ ಮಗ್ಗುಲಲ್ಲಿ ಬ್ರಿಸಲ್‌ಕೋನ್ ಎಂಬ ಪೈನ್ ಮರಗಳಿವೆ, ತಿರುಚಿದ ಹಗ್ಗದಂಥವು. ಅವುಗಳಲ್ಲಿ ಪ್ರೊಮೀಥಿಯಸ್ ಎಂದು ಹೆಸರಿಟ್ಟಿದ್ದ ಒಂದನ್ನು 1964ರಲ್ಲಿ ಸಂಶೋಧನೆಗೆಂದು, ಅರಣ್ಯ ಇಲಾಖೆಯ ಅನುಮತಿ ಪಡೆದೇ, ಕಡಿದರು. ಕಡಿದ ಮೇಲೆ ಉಂಗುರ ಎಣಿಸಿದರೆ 4,800ಕ್ಕೂ ಹೆಚ್ಚು. ಆಗ ಗೊತ್ತಿದ್ದ ಮರಗಳಲ್ಲೆಲ್ಲ ಅದೇ ಹಿರಿಯದು. ಎಣಿಸಲು ಕಡಿಯಬೇಕಾಯಿತು, ಕಡಿದದ್ದರಿಂದ ಎಣಿಕೆ ಅಲ್ಲಿಗೆ ನಿಂತಿತು. ಅಂದು ರಾತ್ರಿ ಆಕಾಶಗಂಗೆ ನೆರಳು ಬೀಳುವಷ್ಟು ದಟ್ಟವಾಗಿತ್ತು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಸಪ್ತರ್ಷಿಮಂಡಲ ಹುಡುಕಲು ಕಷ್ಟವಾಯಿತು; ನಕ್ಷತ್ರ ಅಷ್ಟು ಹೆಚ್ಚು. ಇಲ್ಲಿಯವರು ಆ ಮಂಡಲ ಸೇರಿದ ಚಿತ್ರಕ್ಕೆ ಮಹಾಕರಡಿ ಎನ್ನುತ್ತಾರೆ ಎಂದು ಮಗಳು ಅಜ್ಜಿಗೆ ತೋರಿಸಿದಳು. ಅಜ್ಜಿ ಏಳು ಋಷಿಗಳನ್ನೇ ಎಣಿಸಿದಳು.

ಬಾನ್‌ವಿಲ್‌ನ ಉಪ್ಪಿನ ಬಯಲು, ಐಡಹೋದ ಆಲೂಗಡ್ಡೆ ಹೊಲ, ಒಂದು ಪಂಕ್ಚರು. ಟೀಟನ್ ಬೆಟ್ಟಗಳಲ್ಲಿ 399ರ ಫೋಟೋಗಳು ಅಂಗಡಿ ಅಂಗಡಿಯಲ್ಲಿ. ಅವಳು ನಿನ್ನ ನೆಂಟಳು, ಸಂಶೋಧಕರು ಕೊಟ್ಟ ಸಂಖ್ಯೆಯೇ ಹೆಸರಾದವಳು; 2020ರಲ್ಲಿ ನಾಲ್ಕು ಮರಿಗಳನ್ನು ಸಾಲಾಗಿ ಹಿಂದಿಟ್ಟುಕೊಂಡು ರಸ್ತೆಯ ಬದಿ ನಡೆದವಳು. 2024ರ ಅಕ್ಟೋಬರಿನಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಕಾರಿಗೆ ಸಿಕ್ಕಿ ಸತ್ತಳು. ಆ ದಾರಿಯಲ್ಲಿ ನಾನು ಗಂಟೆಗೆ ನಲವತ್ತು ಮೈಲಿ ದಾಟಿಸಲಿಲ್ಲ. ಹಿಂದಿನ ಕಾರಿನವರು ಹಾರ್ನ್ ಹೊಡೆದರು.

ಯೆಲ್ಲೋಸ್ಟೋನ್ ಸೇರುವ ಮೊದಲು ಕರಡಿ ಸ್ಪ್ರೇ ಕೊಂಡೆವು. ಮೆಣಸಿನಕಾಯಿಯ ಖಾರದ ಸತ್ವವನ್ನೇ ಡಬ್ಬಿಗೆ ತುಂಬಿದ್ದು. ಬೆಲೆ ಕೇಳಿ ಅಮ್ಮನಿಗೆ ತಲೆ ತಿರುಗಿತು. ‘ಐವತ್ತು ಡಾಲರಿಗೆ ಬ್ಯಾಡಗಿ ಮೆಣಸಿನಕಾಯಿ ಎಷ್ಟು ಚೀಲ ಬರುತ್ತೆ?’ ಬ್ಯಾಡಗಿಯಿಂದ ಆಗದು, ಬಣ್ಣ ಬಂದೀತು ಅಷ್ಟೇ. ಗುಂಟೂರಿನದೇ ಬೇಕು ಎಂದೆ.

ನಿನ್ನ ನೆಂಟನನ್ನು ನೋಡಿದ್ದು ಹೇಡನ್ ಕಣಿವೆಯಲ್ಲಿ, ಸಂಜೆ. ಕರಡಿಯಿಂದ ನೂರು ಗಜ ದೂರ ಇರಬೇಕೆಂಬುದು ಅಲ್ಲಿಯ ಕಾನೂನು. ಅದು ಅದರ ಐದಾರು ಪಟ್ಟು ದೂರದಲ್ಲಿತ್ತು. ರಸ್ತೆಯ ಬದಿಗೆ ಮೂವತ್ತು ಕಾರು, ಮೂರುಗಾಲಿನ ದುರ್ಬೀನುಗಳು, ಪಿಸುಮಾತು. ಸಿಳ್ಳೆಯಿಲ್ಲ, ಗದ್ದಲವಿಲ್ಲ. ಯಾರೋ ಒಬ್ಬರು ತಮ್ಮ ದುರ್ಬೀನನ್ನು ಅಮ್ಮನ ಎತ್ತರಕ್ಕೆ ಇಳಿಸಿಕೊಟ್ಟರು. ಭುಜದ ಉಬ್ಬು ಸ್ಪಷ್ಟವಾಗಿತ್ತು. ಅದು ಮುಂಗಾಲಿನಿಂದ ನೆಲ ಬಗೆದು ಬೇರು ಕಿತ್ತು ತಿನ್ನುತ್ತಿತ್ತು, ಅರ್ಧ ಗಂಟೆ ಕಾಲ ಅದೇ ಕೆಲಸ. ‘ಹಂದಿ ಬಗೆದ ಹಂಗೆ ಬಗೀತದೆ’ ಅಂದಳು. ಸೊನೋಮಾದ ಚಿತ್ರಕಾರನಿಗೆ ನೂರೆಂಬತ್ತು ವರ್ಷದ ನಂತರ ಒಬ್ಬ ಸಾಕ್ಷಿ ಸಿಕ್ಕ ಹಾಗಾಯಿತು. ನಿನ್ನ ಊಟದ ಬಗ್ಗೆಯೂ ಈಚೆಗೆ, 2024ರಲ್ಲಿ, ಒಂದು ಅಧ್ಯಯನ ಬಂದಿದೆ: ಹಳೆಯ ಎಲುಬು, ಹಲ್ಲುಗಳನ್ನು ಪರೀಕ್ಷಿಸಿ, ಯುರೋಪಿನವರು ಬರುವ ಮುಂಚೆ ನೀನು ಬಹುಪಾಲು ಸಸ್ಯಾಹಾರಿಯಾಗಿದ್ದೆ, ಮಾಂಸದ ಪಾಲು ಏರಿದ್ದು ಅವರು ದನ ತಂದ ಮೇಲೆ ಎಂದು ಅದು ಹೇಳುತ್ತದೆ. ನಿನ್ನ ಮೈಗಾತ್ರವೂ ಬೇಟೆಗಾರರು ಹೇಳಿಕೊಂಡಷ್ಟು ಇರಲಿಲ್ಲವಂತೆ. ಕೊಂದವರು ಕೊಂದದ್ದರ ತೂಕ ಹೆಚ್ಚಿಸಿ ಹೇಳುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ಈಗ ತಪ್ಪೊಪ್ಪಿಗೆ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ಯೊಸೆಮಿಟಿಯಲ್ಲಿ, ಸಾಕ್ಷಾತ್ ಕರಡಿ ಬಂದುಹೋದ ಜಾಗದಲ್ಲಿ, ಆ ರಾತ್ರಿಯೂ ನಾನು ಎಂಟು ಗಂಟೆ ನಿದ್ದೆ ಹೊಡೆದೆ. ಕರಿಕರಡಿ ಪುಳಿಯೋಗರೆಗೆ ಬರುತ್ತದೆ, ನನಗಾಗಿ ಬರುವುದಿಲ್ಲ ಎಂಬ ಧೈರ್ಯ. ಯೆಲ್ಲೋಸ್ಟೋನ್‌ನ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಫಿಶಿಂಗ್ ಬ್ರಿಜ್ ಎಂಬಲ್ಲಿ ಗ್ರಿಜ್ಲಿಗಳ ಓಡಾಟ ಹೆಚ್ಚೆಂದು ಬಟ್ಟೆಯ ಟೆಂಟಿಗೇ ಅವಕಾಶವಿಲ್ಲ, ಗಟ್ಟಿ ಗೋಡೆಯ ವಾಹನವೇ ಬೇಕು. ಅದನ್ನು ಓದಿದವನು ಅಲ್ಲಿಂದ ಒಂದಷ್ಟು ಮೈಲಿ ಆಚೆ ನೈಲಾನ್ ಬಟ್ಟೆಯೊಳಗೆ ಮಗಳನ್ನೂ ತಾಯಿಯನ್ನೂ ಮಲಗಿಸಿ, ಸ್ಪ್ರೇ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ಎಲೆ ಅಲುಗಿದರೆ ಎದ್ದು ಕೂರುತ್ತಿದ್ದೆ. ಮೂರನೆಯ ರಾತ್ರಿ, ಎರಡು ಗಂಟೆಯ ಹೊತ್ತಿಗೆ, ತಣ್ಣಗೆ ಒಂದು ವಿಷಯ ಹೊಳೆಯಿತು: ಇಪ್ಪತ್ತು ವರ್ಷ ಸಿಯೆರಾ ಬೆಟ್ಟಗಳಲ್ಲಿ ನಾನು ಮಾಡಿದ ಸುಖನಿದ್ದೆಯೆಲ್ಲ ನಿನ್ನ ಸಾವಿನ ಬಡ್ಡಿ. ಬಂದೂಕು ಹಿಡಿದವರು ಬೇರೆ. ಬಡ್ಡಿ ತಿಂದವನು ನಾನು. ಕ್ಯಾಲಿಫೋರ್ನಿಯಾದ ಕಾಡು ಚೆಂದ, ಮಕ್ಕಳೊಂದಿಗೆ ಹೋಗಲು ಸುರಕ್ಷಿತ ಎಂದು ಊರಿನ ನೆಂಟರಿಗೆಲ್ಲ ಹೊಗಳಿದವನೂ ನಾನೇ.

ನಿನ್ನನ್ನು ಮರಳಿ ತರಬೇಕು ಎನ್ನುವವರು ಈಗ ಇದ್ದಾರೆ. ಯೆಲ್ಲೋಸ್ಟೋನ್ ಸೀಮೆಯಲ್ಲಿ 1975ರಲ್ಲಿ, ಕಾನೂನಿನ ರಕ್ಷಣೆ ಸಿಕ್ಕಾಗ, ನೂರೈವತ್ತರೊಳಗೆ ಇದ್ದವು ಇಂದು ಸಾವಿರದ ಆಸುಪಾಸಿಗೆ ಬಂದಿವೆ. ಅಲ್ಲಿಂದ ಕೆಲವನ್ನು ತಂದು ಸಿಯೆರಾದಲ್ಲಿ ಬಿಡಬಹುದಲ್ಲ ಎಂದು. ನಮ್ಮಲ್ಲೂ 2022ರಲ್ಲಿ ಕುನೋ ಕಾಡಿಗೆ ಆಫ್ರಿಕಾದ ಚೀತಾಗಳನ್ನು ವಿಮಾನದಲ್ಲಿ ತಂದರು. ಇದನ್ನು ಅಮ್ಮನಿಗೆ ಹೇಳಿದರೆ ಅವಳು ಕೇಳಿದ್ದು ಬಾವುಟ ಹಿಡಿದವರು ಕೇಳದ ಪ್ರಶ್ನೆ: ‘ಬಿಡೋರು ಎಲ್ಲಿರ್ತಾರೆ? ಹೊಲ ಇರೋರು ಎಲ್ಲಿರ್ತಾರೆ?’ ಬಿಡೋರು ಸ್ಯಾನ್ ಹೋಸೆಯಲ್ಲಿರುತ್ತಾರೆ, ಅಮ್ಮ. ಇಲ್ಲೇ, ಈ ಮನೆಯಲ್ಲೇ. ಆದರೂ ವೋಟು ಕೇಳಿದರೆ ನಾನು ನಿನಗೇ ಹಾಕುತ್ತೇನೆ. ನನ್ನ ವೋಟಿಗೆ ತೆರಬೇಕಾದ ಬೆಲೆ ಮೂರು ರಾತ್ರಿಯ ನಿದ್ದೆ, ಕುರಿಯವನದು ಕುರಿ. ಅವನ ಕುರಿಯ ದುಡ್ಡನ್ನು ನನ್ನ ತೆರಿಗೆಯಿಂದ ಮೊದಲೇ ಎತ್ತಿಟ್ಟು ಆಮೇಲೆ ನಿನ್ನನ್ನು ಕರೆಯಬೇಕು. ಹಾಗಲ್ಲದೆ ಕರೆಯುವುದಾದರೆ ನೀನು ಬಾವುಟದಲ್ಲೇ ಇರು.

ಕಾಗದ ಜುಲೈಯಲ್ಲಿ ಇಲ್ಲಿಗೆ ನಿಂತಿತ್ತು. ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ಹೋದಳು. ಹೋಗುವ ಮುನ್ನ ಅವಳನ್ನು ಮೊನಾರ್ಕ್ ಇರುವಲ್ಲಿಗೆ ಕರೆದೊಯ್ಯಬೇಕೆಂದಿದ್ದೆ. ಹುಲ್ಲು ತುಂಬಿದ ಅವನ ಚರ್ಮ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನ ಅಕಾಡೆಮಿಯದು, ಎಲುಬು ಕೊಲ್ಲಿಯ ಆಚೆ ಬರ್ಕ್ಲಿ ವಿಶ್ವವಿದ್ಯಾಲಯದ ಸಂಗ್ರಹದ್ದು. ಬೇಡ ಅಂದಳು. ‘ಬದುಕಿದ್ದು ನೋಡಿದೆನಲ್ಲ.’

ನಿನ್ನೆ ರಾತ್ರಿ ಫೋನು ಮಾಡಿದ್ದಳು. ಮಳೆ ಚೆನ್ನಾಗಿದೆ, ಮೊಮ್ಮಗಳಿಗೆ ಹಲ್ಲು ಕಟ್ಟಿಸಿದ್ದು ಸರಿಹೋಯಿತೇ, ಇತ್ಯಾದಿ. ಕೊನೆಯಲ್ಲಿ ಹೇಳಿದಳು: ಹಿತ್ತಲಿನ ಸೀತಾಫಲ ಹಣ್ಣಾಗಿದೆ, ಮೊನ್ನೆ ಇರುಳು ಕರಡಿ ಬಂದು ಅರ್ಧ ಮರ ಖಾಲಿ ಮಾಡಿ, ಬುಡದ ಹುತ್ತ ಕೆದರಿ ಹೋಗಿದೆ. ಉಳಿದ ಹಣ್ಣನ್ನು ಬೆಳಿಗ್ಗೆ ಕೀಳಿಸುತ್ತಾಳಂತೆ, ಕೈಗೆ ಎಟುಕುವಷ್ಟು ಮಾತ್ರ.